ಪುಟ್ಟಾ, ಭಾನುವಾರ ಮೀನು ತರಬೇಡ

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಪಟ್ಟಿಯನ್ನು ಈಗ ತಾನೇ ನೋಡಿದೆ. ಮೂರಡಿ ಟ್ಯಾಂಕ್ ಬಂತು, ಉಪ್ಪುನೀರು ತುಂಬಿಸಿ ಮೂರು ದಿನ ಆಯಿತು, ಭಾನುವಾರ ಅಂಗಡಿಗೆ ಹೋಗಿ ಎರಡು ಕ್ಲೌನ್‌ಫಿಶ್, ಒಂದು ಬ್ಲೂ ಟ್ಯಾಂಗ್, ಒಂದು ಲಯನ್‌ಫಿಶ್, ಒಂದು ಮ್ಯಾಂಡರಿನ್, ನಾಲ್ಕು ನೀಲಿ ಡ್ಯಾಮ್ಸೆಲ್, ಒಂದು ಕ್ಲೀನರ್ ಸಿಗಡಿ ತರುತ್ತೇನೆ ಅಂತ ಬರೆದಿದ್ದೀಯ. ನಿನ್ನ ಉತ್ಸಾಹ ನೋಡಿ ಚಿಕ್ಕಮ್ಮನಿಗೆ ತುಂಬಾ ಖುಷಿಯಾಯಿತು ಕಂದಾ. ಆದರೆ ಭಾನುವಾರ ಏನೂ ತರಬೇಡ. ಯಾಕೆ ಅಂತ ಹೇಳುತ್ತೇನೆ, ಮೆಸೇಜ್ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ನನ್ನ ಮನೆಯಲ್ಲಿ ಆದದ್ದು ಕೇಳು. ಏಳು ವರ್ಷದ ಹಿಂದೆ ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಟ್ಟಾಗ ಒಂದು ಅಂಗಡಿಯಲ್ಲಿ "ಮೊದಲು ಡ್ಯಾಮ್ಸೆಲ್ ಬಿಡಿ ಮೇಡಂ, ಗಟ್ಟಿ ಮೀನು, ಸಾಯಲ್ಲ" ಅಂದರು. ಗಟ್ಟಿ ಅನ್ನುವುದು ನಿಜ. ಹೆಬ್ಬೆರಳಿನಷ್ಟು ಉದ್ದ, ಕಣ್ಣಿಗೆ ಹೊಡೆಯುವ ನೀಲಿ. ಎರಡು ತಿಂಗಳು ಅದೊಂದೇ ಇತ್ತು. ಅಷ್ಟರಲ್ಲಿ ಇಡೀ ಟ್ಯಾಂಕ್ ತನ್ನದೇ ಅಂತ ಹಿಡಿದುಕೊಂಡಿತ್ತು. ಆಮೇಲೆ ಒಂದು ಫೈರ್‌ಫಿಶ್ ತಂದೆ. ಮುಂದೆ ಬಿಳುಪು, ಬಾಲದ ಕಡೆ ಕೆಂಪು, ತಲೆ ಮೇಲೆ ಬಾವುಟದ ಹಾಗೆ ಒಂದು ಉದ್ದ ರೆಕ್ಕೆ, ಬಹಳ ಸಾಧು ಮೀನು. ಅದು ಕಲ್ಲಿನ ಸಂದಿಗೆ ಹೋದರೆ ಡ್ಯಾಮ್ಸೆಲ್ ಅಲ್ಲಿಂದ ಓಡಿಸುತ್ತಿತ್ತು, ಮೂಲೆಗೆ ಹೋದರೆ ಅಲ್ಲಿಗೂ ಬರುತ್ತಿತ್ತು. ಮೂರನೇ ದಿನ ಬೆಳಗ್ಗೆ ಫೈರ್‌ಫಿಶ್ ಕಾಣಲಿಲ್ಲ. ಸ್ಟ್ಯಾಂಡಿನ ಹಿಂದೆ, ಗೋಡೆ ಪಕ್ಕ ನೆಲದ ಮೇಲೆ ಸಿಕ್ಕಿತು. ಒಣಗಿ ಕಡ್ಡಿಯಾಗಿತ್ತು, ಬಾಲದ ಕೆಂಪು ಮಾತ್ರ ಹಾಗೇ ಇತ್ತು. ಪೇಪರಿನಲ್ಲಿ ಎತ್ತುವಾಗ ನನಗೆ ಅಳು ಬಂದುಬಿಟ್ಟಿತು. ಆ ಡ್ಯಾಮ್ಸೆಲ್ ಹಿಡಿಯುವುದಕ್ಕೆ ಕಲ್ಲನ್ನೆಲ್ಲಾ ಹೊರಗೆ ತೆಗೆದು, ಅರ್ಧ ನೀರು ಖಾಲಿ ಮಾಡಬೇಕಾಯಿತು.

ಸಮುದ್ರದಲ್ಲಿ ಒಂದು ಮೀನು ಅಟ್ಟಿಸಿಕೊಂಡು ಬಂದರೆ ಇನ್ನೊಂದು ದೂರ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಮೂರಡಿ ಗಾಜಿನೊಳಗೆ ಎಲ್ಲಿಗೆ ಹೋಗಬೇಕು ಹೇಳು? ಅದಕ್ಕೇ ಯಾವ ಮೀನು ಅನ್ನುವಷ್ಟೇ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೂ ಮುಖ್ಯ. ನಾಲ್ಕು ಡ್ಯಾಮ್ಸೆಲ್ ಪೂರ್ತಿ ಬಿಟ್ಟುಬಿಡು. ಚಿಕ್ಕ ಟ್ಯಾಂಕಿನಲ್ಲಿ ಅವು ತಮ್ಮತಮ್ಮಲ್ಲೇ ಹೊಡೆದಾಡುತ್ತವೆ, ಕೊನೆಗೆ ಒಂದೇ ಉಳಿಯುವುದು ಜಾಸ್ತಿ.

ಲಯನ್‌ಫಿಶ್ ಜಗಳಗಂಟ ಅಲ್ಲ. ಆದರೆ ಬಾಯಿಗೆ ಹಿಡಿಸಿದ್ದನ್ನೆಲ್ಲಾ ನುಂಗುತ್ತದೆ. ನಿನ್ನ ಕ್ಲೌನ್‌ಫಿಶ್, ನಿನ್ನ ಸಿಗಡಿ, ಎಲ್ಲಾ ಅದಕ್ಕೆ ಊಟ. ಬೆನ್ನಿನ ಮುಳ್ಳಿನಲ್ಲಿ ವಿಷ ಬೇರೆ. ಟ್ಯಾಂಕ್ ಒರೆಸುವುದಕ್ಕೆ ಕೈ ಹಾಕುವವನು ನೀನು, ಪಕ್ಕದಲ್ಲಿ ನಿನ್ನ ತಂಗಿ ಇರುತ್ತಾಳೆ. ಬೇಡ.

ಬ್ಲೂ ಟ್ಯಾಂಗ್ ಎಲ್ಲರೂ ಕೇಳುವ ಮೀನು, ಕಾರ್ಟೂನ್ ನೋಡಿದವರಿಗೆಲ್ಲಾ ಅದೇ ಬೇಕು. ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ. ಬೆಳೆದರೆ ಒಂದು ಅಡಿವರೆಗೆ ಹೋಗುತ್ತದೆ, ಇಡೀ ದಿನ ಓಡಾಡುವ ಮೀನು, ಆರಡಿ ಟ್ಯಾಂಕ್ ಇಲ್ಲದೆ ಸಾಕಬಾರದು. "ದೊಡ್ಡದಾದ ಮೇಲೆ ಟ್ಯಾಂಕ್ ಬದಲಾಯಿಸ್ತೀನಿ" ಅಂತ ಹೇಳಬೇಡ ಪುಟ್ಟಾ, ಎಲ್ಲರೂ ಹಾಗೇ ಹೇಳುತ್ತಾರೆ. ಅದನ್ನು ತೊಟ್ಟಿಯಲ್ಲಿ ಮೊದಲ ಸಲ ಮರಿ ಮಾಡಿಸಿದ್ದೇ 2016ರಲ್ಲಿ, ಫ್ಲೋರಿಡಾ ವಿಶ್ವವಿದ್ಯಾಲಯದವರು. ಈಗಲೂ ಅಂಗಡಿಗೆ ಬರುವುದು ಹೆಚ್ಚಾಗಿ ಸಮುದ್ರದಲ್ಲಿ ಹಿಡಿದದ್ದೇ.

ಮ್ಯಾಂಡರಿನ್ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಅಷ್ಟು ಸುಂದರ ಮೀನು, ಬೇರೆ ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಅದು ತಿನ್ನುವುದು ಕಲ್ಲಿನ ಮೇಲಿರುವ ಕೋಪೆಪಾಡ್ ಅನ್ನುವ ಸೂಜಿಮೊನೆಯಷ್ಟು ಸಣ್ಣ ಜೀವಿಗಳನ್ನು, ಬೆಳಗಿನಿಂದ ಸಂಜೆವರೆಗೆ ಹೆಕ್ಕಿ ಹೆಕ್ಕಿ. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ. ನೀನು ಹಾಕುವ ಕಾಳನ್ನು ಮುಟ್ಟುವುದೂ ಇಲ್ಲ. ದಿನಾ ಕಣ್ಣೆದುರೇ ಸೊರಗುತ್ತದೆ.

ಅಕ್ಕಾ, ನೀನು ಕೇಳಿದ್ದೆ ಅಲ್ವಾ, ಮನೆಯಲ್ಲಿರುವ ಗೋಲ್ಡ್‌ಫಿಶ್ ಇದರಲ್ಲೇ ಬಿಡಬಹುದಾ ಅಂತ. ಬೇಡವೇ ಬೇಡ. ಅದು ಸಿಹಿನೀರಿನ ಮೀನು, ಈ ಉಪ್ಪಿಗೆ ಬದುಕುವುದಿಲ್ಲ. ಅಣ್ಣ ಕುಂದಾಪುರದಿಂದ ಕ್ಯಾನಿನಲ್ಲಿ ಕಡಲ ನೀರು ತುಂಬಿಸಿ ಬಸ್ಸಿಗೆ ಹಾಕಲಾ ಅಂದಿದ್ದಾನೆ. ಅಣ್ಣಾ, ನಿನ್ನ ಪ್ರೀತಿ ದೊಡ್ಡದು, ಆದರೆ ಅಲ್ಲಿ ಪಂಚಗಂಗಾವಳಿ ನದಿ ಬಂದು ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದು ಮಣ್ಣು ಬೆರೆತಿರುತ್ತದೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿದರೆ ಸಾಕು. ಅಡುಗೆ ಉಪ್ಪಲ್ಲ.

ಹಾಗಾದರೆ ಏನು ತರುವುದು? ನಿನ್ನ ಟ್ಯಾಂಕ್ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಹೋಗಿ ನೀರು 150 ಲೀಟರ್ ಹತ್ತಿರ. ಅದಕ್ಕೆ ಐದು ಚಿಕ್ಕ ಮೀನು ಸಾಕು.

ಎಲ್ಲಕ್ಕಿಂತ ಮೊದಲು ಒಂದು ಹಳದಿ ವಾಚ್‌ಮನ್ ಗೋಬಿ ಮೀನು, ಅದರ ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಈ ಜೋಡಿ ನಿನಗೆ ಎಷ್ಟು ಇಷ್ಟವಾಗುತ್ತದೆ ನೋಡು. ಸಿಗಡಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದು ಮರಳು ತೋಡಿ ಬಿಲ ಮಾಡುತ್ತದೆ, ಪುಟ್ಟ ಬುಲ್ಡೋಜರ್ ಹಾಗೆ ಮರಳನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸಿಗಡಿ ಹೊರಗೆ ಬಂದಾಗೆಲ್ಲಾ ತನ್ನ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಏನಾದರೂ ಅಪಾಯ ಕಂಡರೆ ಗೋಬಿ ಬಾಲ ಒಂದು ಸಲ ಅದುರಿಸುತ್ತದೆ, ಸಿಗಡಿ ಒಳಗೆ. ನಾನು ಇದನ್ನು ನೋಡುತ್ತಾ ಒಲೆ ಮೇಲಿನ ಹಾಲು ಉಕ್ಕಿಸಿದ್ದೇನೆ. ಅಕ್ಕಾ, ರಾತ್ರಿ ಟ್ಯಾಂಕಿನಿಂದ ಟಪ್ ಅಂತ ಗಾಜು ಒಡೆದ ಹಾಗೆ ಸದ್ದು ಬಂದರೆ ಹೆದರಬೇಡ, ಸಿಗಡಿ ತನ್ನ ಇಕ್ಕಳದಂಥ ಕೊಂಡಿ ಬಡಿಯುವ ಸದ್ದು ಅದು. ಕಲ್ಲುಗಳನ್ನು ಮಾತ್ರ ಮರಳಿನ ಮೇಲೆ ಇಡಬೇಡ ಪುಟ್ಟಾ, ತಳದ ಗಾಜಿನ ಮೇಲೆ ಭದ್ರವಾಗಿ ಕೂರಿಸು. ಬಿಲ ತೋಡಿದಾಗ ಕಲ್ಲು ಕುಸಿಯಬಾರದು.

ಜೊತೆಗೆ ಒಂದೇ ಒಂದು ಫೈರ್‌ಫಿಶ್. ಎರಡು ತಂದರೆ ಕಚ್ಚಾಡುವ ಸಾಧ್ಯತೆ ಇದೆ. ಹೆದರಿದರೆ ಹಾರುತ್ತದೆ, ಆದ್ದರಿಂದ ಜಾಲರಿ ಮುಚ್ಚಳ ಬೇಕೇ ಬೇಕು, ಪೈಪ್ ಹೋಗುವ ಸಂದಿಯನ್ನೂ ಮುಚ್ಚು.

ಆಮೇಲೆ ಒಂದು ರಾಯಲ್ ಗ್ರಾಮಾ ಮೀನು. ಇಲ್ಲಿ ಕಣ್ಣು ಬಿಟ್ಟು ನೋಡಬೇಕು. ಅದನ್ನೇ ಹೋಲುವ ಡಾಟಿಬ್ಯಾಕ್ ಅಂತ ಇನ್ನೊಂದು ಇದೆ, ಮುಂದೆ ನೇರಳೆ, ಹಿಂದೆ ಹಳದಿ. ಅದು ಮಹಾ ಜಗಳಗಂಟ. ಗ್ರಾಮಾದಲ್ಲಿ ನೇರಳೆ ಮೆಲ್ಲಗೆ ಹಳದಿಗೆ ಕರಗುತ್ತದೆ, ಬೆನ್ನಿನ ರೆಕ್ಕೆಯಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಗೆರೆ ಎಳೆದು ಕತ್ತರಿಸಿದ ಹಾಗೆ ಬಣ್ಣ ಬದಲಾಗುತ್ತದೆ. ಗೊಂದಲವಾದರೆ ಅಂಗಡಿಯಿಂದಲೇ ನನಗೆ ವಿಡಿಯೋ ಕಾಲ್ ಮಾಡು.

ಕ್ಲೌನ್‌ಫಿಶ್ ಎರಡೂ ಕೊನೆಗೆ, ಯಾಕೆಂದರೆ ಜಾಗ ಹಿಡಿದ ಮೇಲೆ ಅವೂ ಜೋರಾಗುತ್ತವೆ. ಗಂಡು ಹೆಣ್ಣು ಅಂತ ಕೇಳಿ ತರುವ ಅಗತ್ಯ ಇಲ್ಲ. ಎಲ್ಲವೂ ಗಂಡಾಗಿಯೇ ಶುರುವಾಗುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸು. ಚಿಕ್ಕದು ದೊಡ್ಡದರ ಎದುರು ಮೈ ಓರೆ ಮಾಡಿ ನಡುಗಿದರೆ ಗಾಬರಿಯಾಗಬೇಡ, ನೀನೇ ದೊಡ್ಡವಳು ಅಂತ ಒಪ್ಪಿಕೊಳ್ಳುವ ರೀತಿ ಅದು. ತೊಟ್ಟಿಯಲ್ಲೇ ಹುಟ್ಟಿದ್ದನ್ನೇ ಕೇಳು. ನಮ್ಮಲ್ಲೇ ಮಂಡಪಂ, ವಿಳಿಂಞಂನಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನ ಬೆಳೆಸಿವೆ. ಸಮುದ್ರದಲ್ಲಿ ಅವು ಆಸರೆ ಪಡೆಯುವ ಅನೆಮನಿ ಅನ್ನುವ ಹೂವಿನಂಥ ಪ್ರಾಣಿ ಟ್ಯಾಂಕಿನಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಮೊದಲ ವರ್ಷ ಅದರ ಗೋಜು ಬೇಡ.

ನಿನ್ನ ತಂಗಿಗೆ ಕಡಲಕುದುರೆ ಬೇಕಂತೆ. ಮುದ್ದಿನಿಂದ ಕೇಳಿದ್ದಾಳೆ, ಆದರೆ ಆಗುವುದಿಲ್ಲ ಅಂತ ನೀನೇ ಹೇಳು. ಕಡಲಕುದುರೆಗಳೂ ನಮ್ಮ ಹವಳಗಳೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು, ಹುಲಿಯ ಜೊತೆಗೆ. ಯಾರಾದರೂ ಸಮುದ್ರದಿಂದ ತೆಗೆದ ಹವಳದ ಕಲ್ಲು ಕೊಡುತ್ತೇನೆ ಅಂದರೂ ತೆಗೆದುಕೊಳ್ಳಬೇಡ. ಸೆರಾಮಿಕ್ ಕಲ್ಲು ಸಾಕು.

ಈಗ ಭಾನುವಾರದ ವಿಷಯ. ಟ್ಯಾಂಕಿನಲ್ಲಿ ಮೀನಿನ ಗಲೀಜಿನ ವಿಷ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಅನ್ನುವ ಆ ವಿಷ ಎರಡೂ ಸೊನ್ನೆಗೆ ಬರುವವರೆಗೆ ಒಂದು ಮೀನೂ ಬೇಡ. ಆಮೇಲೆ ತಂದ ಪ್ರತಿ ಮೀನನ್ನೂ ಬೇರೆ ಚಿಕ್ಕ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡು. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಅಲ್ಲೇ ಔಷಧಿ ಮಾಡಬಹುದು. ಅದಕ್ಕೆ ಹಾಕುವ ತಾಮ್ರದ ಔಷಧಿಯನ್ನು ದೊಡ್ಡ ಟ್ಯಾಂಕಿಗೆ ಹಾಕಿದರೆ ಸಿಗಡಿ ಉಳಿಯುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಮೊದಲು "ಸ್ವಲ್ಪ ಊಟ ಹಾಕಿ ತೋರಿಸಿ" ಅಂತ ಕೇಳು. ತಿನ್ನದ ಮೀನನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡ.

ಶನಿವಾರ ನಾನೇ ಬರುತ್ತೇನೆ. ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರ್, ಟೆಸ್ಟ್ ಕಿಟ್, ಮುಚ್ಚಳಕ್ಕೆ ಜಾಲರಿ ಎಲ್ಲಾ ತರುತ್ತೇನೆ. ಮುಚ್ಚಳದ ಅಳತೆ ಇವತ್ತೇ ಟೇಪ್ ಹಿಡಿದು ನೋಡಿ ಕಳಿಸು, ಪೈಪ್ ಎಲ್ಲಿ ಬರುತ್ತದೆ ಅಂತ ಒಂದು ಫೋಟೋನೂ ಹಾಕು.