ಅಪ್ಪ ಅಮ್ಮನ ಜೊತೆ ಸ್ಯಾಂಡ್ರಿಂಗಮ್‌ಗೆ: ಹೋಗಿ ಬಂದವರು ಹೇಳಿ

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಲಂಡನ್‌ಗೆ ಬಂದಿದ್ದಾರೆ. ನಾರ್ಫಕ್‌ನ ಸ್ಯಾಂಡ್ರಿಂಗಮ್ ಹಳ್ಳಿಯಲ್ಲಿರುವ ರಾಜಮನೆತನದ ಮನೆ ತೋರಿಸಬೇಕು. ಕಾರಿಲ್ಲ. ಅಮ್ಮನಿಗೆ ಮಂಡಿನೋವು. ಒಂದೇ ದಿನದಲ್ಲಿ ಆಗುತ್ತಾ?

ಉತ್ತರ: ಆಗುತ್ತೆ. ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿ, ಸುಮಾರು ಎರಡು ಗಂಟೆಯ ಪ್ರಯಾಣದಲ್ಲಿ ಕಿಂಗ್ಸ್ ಲಿನ್ ಸ್ಟೇಷನ್. ಅಲ್ಲಿಂದ ಬಸ್ಸಿದೆ. ವಾಪಸ್ ಬಸ್ಸಿನ ಟೈಮ್ ಮೊದಲೇ ಬರೆದಿಟ್ಟುಕೊಳ್ಳಿ. ನಾವು ಐದು ನಿಮಿಷ ತಡವಾಗಿ ಬಸ್ ತಪ್ಪಿಸಿಕೊಂಡೆವು. ಜಡಿಮಳೆ ಬೇರೆ. ಅತ್ತೆ ಸೆರಗು ಹೊದ್ದು ಮರದ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದರು. ಈಗಲೂ ನೆನೆದರೆ ಬೇಜಾರಾಗುತ್ತೆ.

ಉತ್ತರ: ಮನೆ ವರ್ಷಪೂರ್ತಿ ತೆರೆದಿರಲ್ಲ. ಕ್ರಿಸ್‌ಮಸ್‌ಗೆ ರಾಜಮನೆತನದವರೇ ಅಲ್ಲಿರುತ್ತಾರೆ. ಬೇಸಿಗೆಯಲ್ಲಿ ಹೋಗಿ, ದಿನಾಂಕ ನೋಡಿಯೇ ರೈಲು ಟಿಕೆಟ್ ತೆಗೆಯಿರಿ. ನೋಡಲು ಸಿಗುವುದು ನೆಲಮಹಡಿ ಮಾತ್ರ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಅಮ್ಮನಿಗೆ ಅದೇ ಒಳ್ಳೇದಾಯ್ತು ಅಲ್ವಾ? ಒಳಗೆ ಒಂದು ತೂಕದ ಕುರ್ಚಿ ಇದೆ. ಏಳನೇ ಎಡ್ವರ್ಡ್ ಬಂದ ಅತಿಥಿಗಳನ್ನು ಅದರಲ್ಲಿ ಕೂರಿಸಿ ತೂಗುತ್ತಿದ್ದರಂತೆ! 1875-76ರಲ್ಲಿ ಅವರು ಭಾರತ ಸುತ್ತಿ ತಂದ ಕತ್ತಿ, ಗುರಾಣಿಗಳೂ ಇವೆ. ಅವನ್ನು ತಪ್ಪಿಸಬೇಡಿ. ಸುತ್ತಲಿನ ಕಾಡು ಪಾರ್ಕಿಗೆ ಟಿಕೆಟ್ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಚಿತ್ರಾನ್ನ ಬಿಚ್ಚಿದ್ದು ಅಲ್ಲೇ.

ಉತ್ತರ: ಇವರು ಹೇಳಿದ್ದೆಲ್ಲ ಸರಿ. ಆದರೆ ನನ್ನ ಮಾತು ಕೇಳುವುದಾದರೆ, ಮನೆಯಲ್ಲೇ ಹೊತ್ತೆಲ್ಲ ಕಳೆಯಬೇಡಿ. ಪಕ್ಕದಲ್ಲೇ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಇದೆ. ಚಿಕ್ಕದು. ಗೋಡೆಯ ಕಲ್ಲು ಥೇಟ್ ಹಳೇ ಬೆಲ್ಲದ ಬಣ್ಣ, ಒಳಗೆ ಬೆಳ್ಳಿಯ ಪೀಠ. ಹೊರಗಿನ ಬಿಸಿಲಿಂದ ಒಳಗೆ ಬಂದರೆ ಮೊದಲು ಏನೂ ಕಾಣಲ್ಲ. ಸ್ವಲ್ಪ ಸುಮ್ನೆ ಕೂತರೆ ಬೆಳ್ಳಿ ಮೆಲ್ಲಗೆ ಬೆಳಗುತ್ತೆ. ಅಮ್ಮನ ಮಂಡಿಗೂ ಆರಾಮ.

ನನ್ನ ಅಪ್ಪ ನಮ್ಮೂರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಅರಮನೆ ಅಂದರೆ ಅವರಿಗೆ ಅಷ್ಟಕ್ಕಷ್ಟೇ. 1932ರಲ್ಲಿ ಐದನೇ ಜಾರ್ಜ್ ರೇಡಿಯೊದಲ್ಲಿ ಮೊದಲ ಸಲ ಕ್ರಿಸ್‌ಮಸ್ ಸಂದೇಶ ಕೊಟ್ಟಿದ್ದು ಈ ಮನೆಯಿಂದಲೇ ಅಂದೆ. ಅಪ್ಪ ಅಲ್ಲೇ ನಿಂತುಬಿಟ್ಟರು. "ಇಲ್ಲಿಂದ ನಮ್ಮ ದೇಶದವರೆಗೂ ಕೇಳಿಸಿತಾ? ಶಾರ್ಟ್‌ವೇವ್ ಇರಬೇಕು" ಅಂದರು. ಆಮೇಲೆ ಲಿನ್ ಸ್ಟೇಷನ್ ಬರುವವರೆಗೂ ಅದೇ ಮಾತು. ಆಂಟೆನಾ ಹೇಗಿರುತ್ತಿತ್ತು, ವಾಲ್ವ್ ಎಷ್ಟು ಬಿಸಿಯಾಗುತ್ತಿತ್ತು ಅಂತ ಬಸ್ಸಿನ ಮಂಜು ಹಿಡಿದ ಗಾಜಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು.