ಗಂಜಿಯಲ್ಲೇ ಇರುವ ಅತ್ತೆಗೆ ಏನು ಕೊಡೋದು, ಹೇಗೆ ತಿನ್ನಿಸೋದು?

ಮಾಲೂರಿನಿಂದ ಪ್ರಶ್ನೆ:
ನಮ್ಮತ್ತೆಗೆ 78 ವರ್ಷ. ಹಲ್ಲಿಲ್ಲ, ಮುದ್ದೆ ನುಂಗೋಕಾಗಲ್ಲ ಅಂತ ಮೂರು ಹೊತ್ತೂ ನೀರಿನಲ್ಲಿ ಕಾಯಿಸಿದ ರಾಗಿ ಗಂಜಿ, ಜೊತೆಗೆ ಒಂದಿಷ್ಟು ತಿಳಿಸಾರು. ಎರಡು ತಿಂಗಳಲ್ಲಿ 44 ಕೆ.ಜಿ.ಯಿಂದ 41ಕ್ಕೆ ಇಳಿದಿದ್ದಾರೆ. ನೀರು ಕುಡಿದರೆ ಕೆಮ್ಮು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇಲ್ಲ. ತಿಳಿದವರು ಹೇಳಿ.

ಕೋಲಾರದಿಂದ:
ಅಕ್ಕಾ, ಮೊದಲು ಕೆಮ್ಮು ನೋಡಿ. ನೀರು ಶ್ವಾಸನಾಳದ ಕಡೆ ಇಳೀತಿರಬಹುದು, ಅದರಿಂದ ನ್ಯುಮೋನಿಯಾ ಬರಬಹುದು. ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರಿಗೆ ಈ ವಾರವೇ ತೋರಿಸಿ, ತೂಕ ಇಳಿದದ್ದನ್ನೂ ಹೇಳಿ. ಉಂಡಮೇಲೆ ದನಿ ಗೊರಗೊರ ಅಂದರೆ, ಜ್ವರ ಬಂದರೆ ಅವತ್ತೇ ಹೋಗಿ.

ಮಲಗಿಸಿಕೊಂಡು ತಿನ್ನಿಸಲೇಬೇಡಿ. ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ, ಗಲ್ಲ ಸ್ವಲ್ಪ ಎದೆ ಕಡೆಗೆ ಬಗ್ಗಿರಲಿ. ನೀವೂ ಎದುರಿಗೆ ಕೂತ್ಕೊಳ್ಳಿ. ನಿಂತು ತಿನ್ನಿಸಿದರೆ ಅವರು ತಲೆ ಮೇಲೆತ್ತುತ್ತಾರೆ, ತಲೆ ಎತ್ತಿದಾಗಲೇ ತುತ್ತು ದಾರಿ ತಪ್ಪೋದು. ಒಂದು ಸಲಕ್ಕೆ ಅರ್ಧ ಟೀ ಚಮಚ ಸಾಕು. ಗಂಟಲ ಮೇಲೆ ಬೆರಳು ಮೆಲ್ಲಗೆ ಇಟ್ಟರೆ ನುಂಗಿದ್ದು ಗೊತ್ತಾಗುತ್ತೆ, ಆಮೇಲೆ ಮುಂದಿನ ಚಮಚ. ಊಟ ಮುಗಿದ ಮೇಲೆ ಬಾಯಿ ಒರೆಸಿ, ಅರ್ಧ ಗಂಟೆ ಹಾಗೇ ಕೂತಿರಲಿ.

ಬಂಗಾರಪೇಟೆಯಿಂದ:
ತೂಕ ಯಾಕೆ ಇಳೀತಿದೆ ಅನ್ನೋದು ಲೆಕ್ಕದಲ್ಲೇ ಕಾಣುತ್ತೆ. ವಯಸ್ಸಾದವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ನಿಮ್ಮತ್ತೆಗೆ 41ರಿಂದ 49 ಗ್ರಾಂ. 30 ಗ್ರಾಂ ರಾಗಿ ಹಿಟ್ಟಿನ ಗಂಜಿಯಲ್ಲಿ ಇರೋದು ಸುಮಾರು 2 ಗ್ರಾಂ, ಶಕ್ತಿ ನೂರು ಕ್ಯಾಲೊರಿ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ ಇದೆ, ಒಪ್ಪೋಣ. ಆದರೆ ಅದೊಂದರಿಂದ ಮಾಂಸಖಂಡ ನಿಲ್ಲಲ್ಲ.

ಅದೇ 30 ಗ್ರಾಂ ಹಿಟ್ಟನ್ನ ಗಂಟಿಲ್ಲದ ಹಾಗೆ ತಣ್ಣೀರಲ್ಲಿ ಕಲಸಿ, 200 ಮಿ.ಲೀ. ಹಾಲಿನಲ್ಲಿ ಕಾಯಿಸಿ. ಇಳಿಸೋಕೆ ಮುಂಚೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಚಮಚ ತುಪ್ಪ ಹಾಕಿ. ಒಂದು ಬಟ್ಟಲಿಗೆ 12 ಗ್ರಾಂ ಹತ್ತಿರ ಪ್ರೋಟೀನ್ ಆಗುತ್ತೆ. ಹುರಿಗಡಲೆ ನುಣ್ಣಗೆ ಪುಡಿಯಾಗಲಿ, ಜರಡಿ ಹಿಡಿಯಿರಿ. ತರಿ ಉಳಿದರೆ ಗಂಟಲಲ್ಲಿ ಕೂತು ಕೆಮ್ಮಿಸುತ್ತೆ. ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಹಾಲಲ್ಲಿ ಕಿವುಚಿ ಕೊಡಿ, 6 ಗ್ರಾಂ ಸಿಗುತ್ತೆ. ಮೂರು ಹೊತ್ತು ತುಂಬ ಕೊಡೋದಕ್ಕಿಂತ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ವಾರಕ್ಕೊಂದು ದಿನ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಮುಳಬಾಗಿಲಿನಿಂದ:
ತಿಳಿಸಾರು ಅಂದ್ರಲ್ಲ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಆಗೋ ತಪ್ಪು ಅದು. ಬಸ್ಸಾರಿಗೆ ಕಾಳು, ಸೊಪ್ಪು ಬಸಿದು ಪಲ್ಯ ಮಾಡ್ತೀವಿ, ಹಲ್ಲಿಲ್ಲದವರಿಗೆ ಬರೀ ಕಟ್ಟಿನ ಸಾರು ಬಡಿಸ್ತೀವಿ. ಸತ್ವ ಬಹುಪಾಲು ಪಲ್ಯದಲ್ಲೇ ಉಳಿಯುತ್ತೆ. ಮಸಾಲೆ ರುಬ್ಬುವಾಗ ಬೆಂದ ಕಾಳು ಎರಡು ಸೌಟು, ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಸಾರು ಗಟ್ಟಿಯಾಗುತ್ತೆ, ಮೆತ್ತಗೆ ಬೆಂದು ಕಿವುಚಿದ ಅನ್ನಕ್ಕೆ ಚೆನ್ನಾಗಿ ಹೊಂದುತ್ತೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಮಾಡಿ. ಗಂಟಲಿಗೆ ಅಂಟೋದು ಕಾಳಿನ ಸಿಪ್ಪೆ, ಹಿತುಕಿದರೆ ಅದು ಹೋಗುತ್ತೆ.

ಮಾಲೂರಿನಿಂದ:
ಗಂಜಿ ಗಟ್ಟಿಯಾಗೇ ಮಾಡಿದರೂ ಅರ್ಧ ತಿನ್ನಿಸೋ ಹೊತ್ತಿಗೆ ನೀರಾಗುತ್ತೆ. ಮೊಳಕೆ ರಾಗಿ ಹಿಟ್ಟು ಆಗುತ್ತಾ?

ಕೋಲಾರದಿಂದ:
ಬಾಯಿಗಿಟ್ಟ ಚಮಚವನ್ನೇ ಬಟ್ಟಲಿಗೆ ಅದ್ದುತ್ತಿದ್ದೀರಿ. ಎಂಜಲಿನಲ್ಲಿರೋ ಕಿಣ್ವ ಗಂಜಿಯ ಪಿಷ್ಟ ಒಡೆದು ನೀರು ಮಾಡುತ್ತೆ. ಸಣ್ಣ ಲೋಟಕ್ಕೆ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಂಡು ಅದರಿಂದ ತಿನ್ನಿಸಿ, ಬಗ್ಗಿಸೋ ಚಮಚ ಬೇರೆ ಇರಲಿ. ಮೊಳಕೆ ರಾಗಿಯಲ್ಲೂ ಅಂಥದ್ದೇ ಕಿಣ್ವ ಇರೋದರಿಂದ ಗಂಜಿ ತೆಳುವಾಗುತ್ತೆ. ನುಂಗೋಕೆ ತೊಂದರೆ ಇಲ್ಲದವರಿಗೆ ಒಳ್ಳೇದು, ಅದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಿಡಿಸಬಹುದು. ನೀರಿಗೆ ಕೆಮ್ಮೋರಿಗೆ ಸದ್ಯಕ್ಕೆ ಬೇಡ, ಮಾಮೂಲಿ ಹಿಟ್ಟೇ ಇರಲಿ. ಹದ ನೋಡೋದು ಬಿಸಿಯಲ್ಲಲ್ಲ, ತಿನ್ನಿಸೋ ಬೆಚ್ಚಗಿನಲ್ಲಿ. ಚಮಚ ಓರೆ ಮಾಡಿದರೆ ಹರಿಯದೆ ಒಟ್ಟಿಗೆ ಜಾರಿ ಬೀಳಬೇಕು, ಚಮಚಕ್ಕೇ ಅಂಟಿಕೊಂಡರೆ ಜಾಸ್ತಿ ಗಟ್ಟಿ, ಸ್ವಲ್ಪ ಬಿಸಿ ಹಾಲು ಬೆರೆಸಿ. ಡಾಕ್ಟರು ನೋಡಿ ಬೇರೆ ಹದ ಹೇಳಿದರೆ ಅದನ್ನೇ ಮಾಡಿ.