ಸೆವಿಲ್ ನಗರದ ಮಿನಾರು ಗಂಟೆಗೋಪುರವಾದದ್ದು ಹೇಗೆ?

ಪ್ರಶ್ನೆ (ವಿಜಯಪುರದಿಂದ):
ಕಳೆದ ವಾರ ನೆಂಟರ ಮಕ್ಕಳೊಡನೆ ಗೋಳಗುಮ್ಮಟದ ಮೂಲೆಗೋಪುರ ಹತ್ತುವಾಗ, ಎತ್ತರದ ಕಲ್ಲುಮೆಟ್ಟಿಲುಗಳಿಗೆ ಮೊಣಕಾಲು ಸೋತು ಅರ್ಧದಾರಿಯಲ್ಲೇ ಗೋಡೆಗೆ ಒರಗಿ ಕುಳಿತೆ. ಸ್ಪೇನಿನ ಸೆವಿಲ್‌ನಲ್ಲಿರುವ ಹಿರಾಲ್ದಾ ಗೋಪುರವನ್ನು ಬಹುಪಾಲು ಮೆಟ್ಟಿಲೇ ಇಲ್ಲದೆ ಏರಬಹುದೆಂದು ಓದಿದ್ದು ಆಗ ನೆನಪಾಯಿತು. ಮಸೀದಿಯ ಮಿನಾರನ್ನು ಕೆಡವಿ ಕೆಥೆಡ್ರಲ್‌ನ (ನಗರದ ಮುಖ್ಯ ಚರ್ಚಿನ) ಗಂಟೆಗೋಪುರ ಕಟ್ಟಿದರೋ, ಇದ್ದದ್ದನ್ನೇ ಉಳಿಸಿಕೊಂಡರೋ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಕೆಡವಲಿಲ್ಲ ಸರ್. ಆಗ ಅಲ್ಲಿ ಆಳುತ್ತಿದ್ದ ಅಲ್‌ಮೊಹಾದ್ ಎಂಬ ಮುಸ್ಲಿಂ ಮನೆತನದ ಖಲೀಫ ಅಬೂ ಯಾಕೂಬ್ ಯೂಸುಫನ ಕಾಲದಲ್ಲಿ, 1184ರಲ್ಲಿ ಅಹ್ಮದ್ ಇಬ್ನ್ ಬಾಸೊ ಎಂಬ ವಾಸ್ತುಶಿಲ್ಪಿ ಹಳೆಯ ರೋಮನ್ ಕಟ್ಟಡಗಳ ಕಲ್ಲುಗಳನ್ನೇ ಬುಡಕ್ಕೆ ಬಳಸಿ ಕೆಲಸ ಆರಂಭಿಸಿದ. ಅಲಿ ಅಲ್‌ಗುಮಾರಿ ಅದನ್ನು ಇಟ್ಟಿಗೆಯಲ್ಲಿ ಮುಂದುವರಿಸಿದ. 1198ರಲ್ಲಿ ತುದಿಗೆ ಚಿನ್ನದ ಲೇಪದ ಲೋಹಗೋಳಗಳನ್ನು ಏರಿಸಲಾಯಿತು. 1248ರಲ್ಲಿ ಕ್ರೈಸ್ತ ರಾಜ ಮೂರನೆಯ ಫರ್ಡಿನಾಂಡ್ ನಗರವನ್ನು ಗೆದ್ದ ಮೇಲೆ ಮಸೀದಿಯ ಕಟ್ಟಡವೇ ಕೆಥೆಡ್ರಲ್ ಆಗಿ ಬಳಕೆಗೆ ಬಂತು. 14ನೆಯ ಶತಮಾನದ ಭೂಕಂಪದಲ್ಲಿ ಆ ಗೋಳಗಳು ಉರುಳಿಬಿದ್ದವು. ಮುಂದಿನ ಶತಮಾನದಲ್ಲಿ ಇಂದಿನ ಕೆಥೆಡ್ರಲ್ ಕಟ್ಟಲು ಮಸೀದಿಯನ್ನು ಕೆಡವಿದಾಗಲೂ ಮಿನಾರನ್ನೂ ಕಿತ್ತಳೆ ಮರಗಳ ಅಂಗಳವನ್ನೂ ಬಿಟ್ಟುಕೊಂಡರು. 1558ರಿಂದ 1568ರವರೆಗೆ ಎರ್ನಾನ್ ರುಯಿಜ್ ಎಂಬ ವಾಸ್ತುಶಿಲ್ಪಿ ಅದರ ನೆತ್ತಿಯ ಮೇಲೆ ಗಂಟೆಗಳ ಮಂಟಪವನ್ನೂ ಗಾಳಿಗೆ ತಿರುಗುವ ಕಂಚಿನ ಸ್ತ್ರೀಮೂರ್ತಿಯನ್ನೂ ಏರಿಸಿದ. ಸ್ಪ್ಯಾನಿಷ್‌ನಲ್ಲಿ 'ತಿರುಗು' ಎಂಬರ್ಥದ ಪದದಿಂದ ಬಂದ ಹಿರಾಲ್ದಾ ಎಂಬ ಹೆಸರು ಮೊದಲು ಆ ಮೂರ್ತಿಯದು. ಗೋಪುರಕ್ಕೆ ಬಂದದ್ದು ಆಮೇಲೆ.

ಉತ್ತರ 2:
ನಿಮ್ಮ ಮೊಣಕಾಲಿನ ಮಾತಿಗೆ ಬರುತ್ತೇನೆ. ಈ ಗೋಪುರದ ಹೊಟ್ಟೆಯೊಳಗೆ ಇನ್ನೊಂದು ಚೌಕ ಗೋಪುರವಿದೆ; ಎರಡರ ನಡುವಿನ ಓಣಿಯಲ್ಲಿ 35 ಇಳಿಜಾರುಗಳು ಮೂಲೆಮೂಲೆಗೂ ಹೊರಳುತ್ತಾ ಮೇಲೇರುತ್ತವೆ. ಅಜಾನ್ ಕೂಗುವವರು ಕುದುರೆಯ ಮೇಲೆಯೇ ಹೋಗಲಿ ಎಂದು ಹೀಗೆ ಮಾಡಿದರೆಂಬುದು ವಾಡಿಕೆಯ ಮಾತು. ಗಂಟೆ ಬಾರಿಸಲು ಬಂದವರೂ ಅದೇ ದಾರಿಯನ್ನು ತುಳಿದರು. ನನಗೆ ಈ ಗೋಪುರದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಉತ್ತರ 3:
ಮಿನಾರು ಗಂಟೆಗೋಪುರವಾಯಿತು ಎಂದೊಡನೆ ಅದು ಒಂದೇ ಸಲಕ್ಕೆ ಆದದ್ದೆಂದು ತೋರುತ್ತದೆ. ಇಲ್ಲಿ ಅದಕ್ಕೆ 300 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಗೋಪುರದ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿರಿ: ವಜ್ರಾಕಾರದ ಬಲೆಯಂತಹ ಇಟ್ಟಿಗೆ ಕುಸುರಿ ನಿಲ್ಲುವಲ್ಲಿ ಗಂಟೆಗಳು ತೂಗುವ ಕಮಾನುಗಳು ಆರಂಭವಾಗುತ್ತವೆ. ನಮ್ಮ ವಿಜಯಪುರದ ಒಳಕೋಟೆಯಾದ ಅರಕಿಲ್ಲೆಯ ಕರೀಮುದ್ದೀನ್ ಮಸೀದಿಯಲ್ಲಿ ದೇವಾಲಯದ ಕಂಬಗಳನ್ನು ಕಂಡವರಿಗೆ ಇಂತಹ ಬೆಸುಗೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಚಿತ್ರದಲ್ಲಿ ಕುಸುರಿ ನಿಂತು ಕಮಾನುಗಳು ಆರಂಭವಾಗುವ ಆ ಗೆರೆ ಸಿಕ್ಕಿತು. ಅದರ ಕೆಳಗಿನ ಜೋಡಿ ಕಿಟಕಿಗಳು ಇಳಿಜಾರಿನ ಜೊತೆಗೇ ಮೇಲೇರುತ್ತವೆ ಎಂಬುದೂ ಈಗ ತಿಳಿಯಿತು. ಎಲ್ಲರಿಗೂ ವಂದನೆಗಳು.